ಹದಿನೈದು ದಿನದ ನಿಯಮ

ಮಗಳ ಜ್ವರ ಬಿಟ್ಟ ಬೆಳಿಗ್ಗೆ ತಾಯಿ ಕಂಪ್ಯೂಟರ್ ತೆರೆದಳು. ಒಂಬತ್ತು ವರ್ಷ ಬಿಡಿಗಾಸೂ ಪಡೆಯದೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ ತಂತ್ರಾಂಶದ ಪ್ಯಾಕೇಜಿನ ಮೇಲೆ, ಉಸ್ತುವಾರಿಯ ಜಾಗದಲ್ಲಿ, ಬೇರೊಬ್ಬನ ಹೆಸರಿತ್ತು. ಹದಿನೈದು ದಿನ ಪತ್ರಗಳಿಗೆ ಉತ್ತರಿಸದವರ ಪ್ಯಾಕೇಜನ್ನು ಕೇಳಿದವರಿಗೆ ಕೊಟ್ಟುಬಿಡುವುದು, ಆ ತಂತ್ರಾಂಶವನ್ನು ಉಚಿತವಾಗಿ ಬರೆದು ಹಂಚುವ ಸ್ವಯಂಸೇವಕರ ಬಳಗದ ನಿಯಮ. ಮಗಳು ಆಸ್ಪತ್ರೆಯಲ್ಲಿದ್ದದ್ದು ಹದಿನೇಳು ದಿನ.

“ಮಗೂಗೆ ಹುಷಾರಿಲ್ಲ ಅಂತ ಒಂದು ಸಾಲು ಬರೀಬಾರ್ದಿತ್ತಾ?” ಎಂದ ಗಂಡ.

“ಹಾಗೆ ಬರೆದೋರಿಗೆಲ್ಲ ‘ನೆಪ ಬೇಡ’ ಅಂದೋಳು ನಾನೇ ಕಣ್ರೀ. ಆ ನಿಯಮ ತಂದೋಳೂ ನಾನೇ. ಆಗ ಇವಳಿನ್ನೂ ಹುಟ್ಟಿರ್ಲಿಲ್ಲ.”

ಹೊಸಬ ಬರೆದಿದ್ದ: “ಅಕ್ಕಾ, ನಿಯಮದ ಪ್ರಕಾರವೇ ತಗೊಂಡೆ. ಬೇಜಾರಿಲ್ಲ ತಾನೇ?”

“ಬೇಜಾರು ಯಾಕಪ್ಪಾ, ಚೆನ್ನಾಗಿ ನೋಡ್ಕೋ” ಎಂದು ಉತ್ತರಿಸಿದಳು. ಆಮೇಲೆ, ತಾನು ಹಿಂದೆ ಹಾಗೆ ಹೊರಹಾಕಿದ್ದ ಆರು ಜನರಿಗೂ ಕ್ಷಮೆ ಕೇಳಿ ಬರೆದಳು. ಐದು ಪತ್ರಗಳು ವಿಳಾಸವಿಲ್ಲವೆಂದು ಮರಳಿ ಬಂದವು.