ಚೌಡಮ್ಮ ಕಡ ಕೊಟ್ಟ ರಾಡು

ಆಳೆತ್ತರದ ಚಕ್ರ, ನೆತ್ತಿಯ ಮೇಲೆ ಎಂಟು ದೀಪ, ಮೂತಿಯ ಪಕ್ಕದಲ್ಲಿ ಆನೆ ಸೊಂಡಿಲೆತ್ತಿದ ಹಾಗೆ ಒಂದು ಕರಿ ಕೊಳವೆ. ಹೊಳೆಯಲ್ಲಿ ಮುಳುಗಿದರೂ ಎಂಜಿನ್ನಿಗೆ ಉಸಿರು ಸಿಗಲಿ ಅಂತ ರಾಕೇಶ ತನ್ನ ಜೀಪಿಗೆ ಹಾಕಿಸಿದ್ದು ಅದು. ಬಸರೀಕಟ್ಟೆಯಿಂದ ಅವನ ಕಾಫಿ ತೋಟಕ್ಕೆ ಬರುವ ದಾರಿಯಲ್ಲಿ ಕೋಳಿಮರಿ ಮುಳುಗುವಷ್ಟು ನೀರಿಲ್ಲ, ಆ ಮಾತು ಬೇರೆ.

ಭಾನುವಾರ ಆ ಜೀಪು ರಾಕೇಶನ ಶೋಕಿಗೆ. ಉಳಿದ ಆರು ದಿನ ಹಣ್ಣು ಕುಯ್ಯುವ ಹನ್ನೆರಡು ಹೆಂಗಸರನ್ನು ಹೊರುವುದಕ್ಕೆ. ಹೆಂಗಸರ ಮೇಸ್ತ್ರಿ ವೆಂಕಮ್ಮ. ಬೆಳಿಗ್ಗೆ ಹತ್ತಿಸುವಾಗ ದಪ್ಪದವರನ್ನು ಮುಂದಕ್ಕೆ, ಸಣಕಲರನ್ನು ಬಾಗಿಲ ಕಡೆಗೆ, ಎಡಕ್ಕೆ ಆರು ಬಲಕ್ಕೆ ಆರು ಅಂತ ಲೆಕ್ಕ ಹಿಡಿದು ಕೂರಿಸುತ್ತಿದ್ದಳು. ತಕ್ಕಡಿ ಹಿಡಿದವಳ ಹಾಗೆ ಎಂದು ಉಳಿದವರು ನಗುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ಕೂರಿಸಿದ್ದಾಳೆ, ಒಬ್ಬಳೂ ಬಿದ್ದಿಲ್ಲ.

ಆ ಶನಿವಾರ ಕೆಲಸ ಬಿಟ್ಟು ಬಂದರೆ ಜೀಪು ಕಣದಲ್ಲಿ ಜಾಕಿನ ಮೇಲೆ ನಿಂತಿತ್ತು. ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ಕೊಪ್ಪದ ಮೆಕ್ಯಾನಿಕ್ ಸುಲೈಮಾನ್‌ದು.

"ಇವತ್ತು ನೀವೆಲ್ಲ ನಡ್ಕೊಂಡು ಹೋಗಿ," ಎಂದ ರಾಕೇಶ, ಕೈಯಲ್ಲಿ ಮೊಬೈಲು ಹಿಡಿದು ಆ ಕಾಲುಗಳ ವಿಡಿಯೊ ತೆಗೆಯುತ್ತ. "ನಾಳೆ ನೆಮ್ಮಾರಲ್ಲಿ ಆಫ್‌ರೋಡ್ ಸ್ಪರ್ಧೆ. ಹಿಂದಿನ ರಾಡ್ ತೆಗೆಸ್ತಿದೀನಿ."

ಸುಲೈಮಾನ್ ತೆವಳಿ ಹೊರಗೆ ಬಂದ. ಕೈಯಲ್ಲಿ ಬಾಗಿದ ಉದ್ದನೆ ಕಬ್ಬಿಣ, ಎರಡು ತುದಿಯೂ ಒಂದೇ ಕಡೆಗೆ ತಿರುಗಿದ್ದು. ಹೊರಗೆ ಬರುವ ಮೊದಲೇ ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಜೀಪಿನಡಿಯ ಅದದರ ತೂತಿಗೇ ಮತ್ತೆ ಬೆರಳಲ್ಲಿ ತಿರುಗಿಸಿಟ್ಟಿದ್ದ. ಅವನ ಅಪ್ಪ ಕಲಿಸಿದ ಪದ್ಧತಿ. ಅದರಿಂದ ಯಾವ ಗಿರಾಕಿಯ ನಟ್ಟೂ ಕಳೆದಿಲ್ಲ.

"ಸಣ್ಣಯ್ಯ, ಕೇಳಿ," ಎಂದ. "ಹಿಂದಿನ ಎರಡು ಚಕ್ರನ ಒಂದಕ್ಕೊಂದು ಹಿಡ್ಕೊಳ್ಳೋದು ಇದು. ತೆಗೆದ್ರೆ ಗುಂಡಿಗೆ ಚಕ್ರ ಚೆಂದ ಇಳಿಯುತ್ತೆ, ನಿಜ. ಆದ್ರೆ ತಿರುವಲ್ಲಿ ಬಾಡಿ ವಾಲುತ್ತೆ. ಮೊದಲೇ ನೀವು ಗಾಡಿನ ಎತ್ತರಿಸಿ ಮರದ ಮೇಲೆ ಕೂರ್ಸಿದೀರಿ. ಸೋಮವಾರ ಜನ ಹತ್ತೋದ್ರೊಳಗೆ ಹಾಕಿಸ್ಲೇಬೇಕು."

"ಅಮೆರಿಕದವ್ರೆಲ್ಲ ತೆಗೆದೇ ಓಡಿಸ್ತಾರೆ ಸಾಬ್ರೆ. ವಿಡಿಯೊ ಕಳಿಸ್ತೀನಿ, ನೋಡಿ."

"ಅಮೆರಿಕದವ್ರು ಹಿಂದೆ ಹನ್ನೆರಡು ಹೆಂಗಸ್ರನ್ನ ತುಂಬ್ಕೊಳ್ತಾರಾ?" ಎಂದಳು ವೆಂಕಮ್ಮ.

ರಾಕೇಶ ನಕ್ಕ. ನಡೆದು ಹೋಗಲು ಮೂರು ಮೈಲಿ ಇತ್ತು. ಅವರು ನಡೆದರು.

ಭಾನುವಾರ ಸ್ಪರ್ಧೆಯಲ್ಲಿ ರಾಕೇಶನಿಗೆ ಮೂರನೇ ಬಹುಮಾನ ಬಂತು. ಅವನ ವರ್ಗದಲ್ಲಿ ಇದ್ದದ್ದೇ ಮೂರು ಗಾಡಿ. ಆದರೂ ರಾತ್ರಿಯೊಳಗೆ ಊರಿನ ಮೊಬೈಲುಗಳಿಗೆಲ್ಲ ಶೀಲ್ಡಿನ ಫೋಟೊ ಮುಟ್ಟಿತ್ತು.

ಸೋಮವಾರ ಡ್ರೈವರ್ ಗಂಗಾಧರ್ ಎಂದಿನ ಹಾಗೆ ಬಂದ. ವೆಂಕಮ್ಮ ಎಂದಿನ ಹಾಗೆ ಕೂರಿಸಿದಳು. "ರಾಡ್ ಹಾಕಿದಾರಾ?" ಎಂದು ಕೇಳಿದ್ದಕ್ಕೆ ಗಂಗಾಧರ್, "ಹಾಕ್ಸಿರ್ತಾರೆ ಬಿಡಿ," ಎಂದ. ನಂದಿಮರದ ತಿರುವಲ್ಲಿ ಉತ್ತರ ಸಿಕ್ಕಿತು. ಸಾರಾಯಿ ಕುಡಿದವನ ಹಾಗೆ ಜೀಪು ಕಣಿವೆಯ ಕಡೆಗೆ ಇಡೀ ಮೈ ವಾಲಿಸಿತು. ಆ ಕಡೆಯ ಆರು ಜನರ ಮಡಿಲಿಗೆ ಈ ಕಡೆಯ ಆರು ಜನ ಬಂದು ಬಿದ್ದರು. ದಿವ್ಯಳ ಬುತ್ತಿ ಡಬ್ಬಿ ಹಾರಿ ಹೋಗಿ, ಕೆಳಗೆಲ್ಲೋ ಬಂಡೆಗೆ ಬಡಿದ ಸದ್ದು ತಡವಾಗಿ ಕೇಳಿತು. ಗಂಗಾಧರ್ ಬ್ರೇಕು ಒತ್ತಿ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿದ.

ವೆಂಕಮ್ಮ ಬೈಯಲಿಲ್ಲ. "ಇಳೀರೇ," ಎಂದಳು, ಅಷ್ಟೆ.

ಉಳಿದ ದಾರಿ ನಡೆದೇ ಬಂದಾಗ ತೋಟದ ಮನೆಯ ಜಗಲಿಯಲ್ಲಿ ರಾಕೇಶ ಕಾಫಿ ಕುಡಿಯುತ್ತಿದ್ದ.

"ರಾಡ್ ಹಾಕ್ಸಿ ಸಣ್ಣಯ್ಯ. ಅಲ್ಲಿವರೆಗೆ ನಾವು ಹತ್ತೋದಿಲ್ಲ. ನಡ್ಕೊಂಡು ಬರೋಕೆ ಹೊತ್ತು ಸಾಕಾಗಲ್ಲ, ಅದ್ಕೆ ಬರೋದೂ ಇಲ್ಲ," ಎಂದಳು ವೆಂಕಮ್ಮ.

ರಾಕೇಶ ಗಿಡಗಳ ಕಡೆ ನೋಡಿದ. ಹಣ್ಣು ಕೆಂಪಾಗಿ ಉದುರಲು ಶುರುವಾಗಿತ್ತು.

"ಹಾಕಿಸ್ತೀನಿ. ಹದಿನೈದು ದಿನ ತಡೀರಿ. ಹೊಸ ರಾಡ್ ತರಿಸ್ಬೇಕು."

"ಹಳೇದೆಲ್ಲಿ?"

ಅವನು ಲೋಟದೊಳಗೆ ನೋಡಿದ. "ಚೌಡಿಗೆ ಕೊಟ್ಟೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಿಳಿಯಿತು: ಗೆದ್ದ ಉಮೇದಿನಲ್ಲಿ ಅವನು ರಾಡನ್ನು ಒಯ್ದು, ತೋಟದಂಚಿನ ಚೌಡಿ ಕಟ್ಟೆಯ ಮುಂದೆ ಎರಡು ತುದಿ ಮೇಲಾಗಿ ತ್ರಿಶೂಲದ ಹಾಗೆ ನೆಟ್ಟು, ಕುಂಕುಮ ಹಚ್ಚಿ, ಕೈ ಮುಗಿದು ವಿಡಿಯೊ ಮಾಡಿಕೊಂಡಿದ್ದ. ನೋಡಿದವರು ಸಾವಿರದ ಮೇಲಂತೆ.

"ತೆಗೆದ್ರಾಯ್ತಲ್ಲ," ಎಂದಳು ವೆಂಕಮ್ಮ.

"ಎಂತ ಮಾತಾಡ್ತೀರಿ ಮಾರಾಯ್ರೆ! ಚೌಡಿಗೆ ಕೊಟ್ಟಿದ್ದು ಕಿತ್ರೆ ರಕ್ತ ಕಾರ್ತಾರೆ. ಅಜ್ಜಿ ಹೇಳ್ತಿದ್ರು."

"ನಂದಿಮರದ ಹತ್ರ ಬಿದ್ರೂ ಅದೇ ಆಗೋದು. ಹನ್ನೆರಡು ಜನ ಒಟ್ಟಿಗೆ," ಎಂದಳು ದಿವ್ಯ. ಬುತ್ತಿ ಕಳೆದುಕೊಂಡ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಮೆರಿಕದ ವಿದ್ಯೆಯೆಲ್ಲ ಅರೆದು ಕುಡಿದವನು, ಒಂದು ತುಂಡು ಕಬ್ಬಿಣ ಮುಟ್ಟಲು ಹೆದರುತ್ತಿದ್ದ. ಸುಲೈಮಾನ್‌ಗೆ ಫೋನು ಮಾಡಿ ಎಂದು ಹೇಳಿ ವೆಂಕಮ್ಮ ಕಟ್ಟೆಯ ಕಡೆಗೆ ನಡೆದಳು. ಉಳಿದವರು ಹಿಂದೆ. ರಾಕೇಶ ಎಲ್ಲರಿಗಿಂತ ಹಿಂದೆ.

ಅವಳು ಒಂದು ಕಾಯಿ ಒಡೆದಳು. ಒಂದು ಕೇಪಳ ಹೂವನ್ನು ರಾಡಿನ ಮೇಲೆದ್ದ ಒಂದು ತುದಿಯಲ್ಲಿಟ್ಟು ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ, ಇದು ನಿಂದಲ್ಲ, ನಿಂಗೆ ಬೇಕಾಗೂ ಇಲ್ಲ. ಕೊಡೋದಾದ್ರೆ ಬಲಗಡೆ ಹೂ ಕೊಡು."

ಕಾಲು ಗಂಟೆ ಆಯಿತು. ಹೂ ಅಲುಗಲಿಲ್ಲ. ರಾಕೇಶ ಮೂರು ಸಲ ಗಡಿಯಾರ ನೋಡಿದ. ಅರ್ಧ ಗಂಟೆ ಆಯಿತು. ವೆಂಕಮ್ಮ ಕಾಫಿ ಹಣ್ಣಾಗುವುದನ್ನು ಕಾಯುವವಳ ಹಾಗೆ ಕೂತೇ ಇದ್ದಳು. ಕೊನೆಗೊಂದು ಸಣ್ಣ ಗಾಳಿ ಬಂತು. ಹೂ ಎಡಕ್ಕೆ ಬಿತ್ತು.

"ನೋಡಿದ್ರಾ!" ರಾಕೇಶ ಎರಡು ಹೆಜ್ಜೆ ಹಿಂದೆ ಸರಿದ. "ಎಡಗಡೆ! ಅಮ್ಮ ಒಪ್ಲಿಲ್ಲ. ಹದಿನೈದೇ ದಿನ, ತಡ್ಕೊಳ್ಳಿ."

ವೆಂಕಮ್ಮ ನಿಧಾನಕ್ಕೆ ತಿರುಗಿದಳು.

"ನಿಂಗೆ ಎಡ ಮಾರಾಯ. ಅಮ್ಮ ನಮ್ಮ ಕಡೆ ಮುಖ ಮಾಡಿ ಕೂತಿದಾಳೆ. ಅವ್ಳಿಗೆ ಅದು ಬಲ." ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಸಣ್ಣಯ್ಯ ಹೋಗಿ ಮಾರಾಯ ಬಂದಿದ್ದ. "ನಾವೆಲ್ಲ ಎಡ ಬಲ ನೋಡೇ ಕೂರೋರು. ಇದ್ರಲ್ಲಿ ತಪ್ಪೋದಿಲ್ಲ."

ಎದ್ದಳು. ಎರಡೂ ಕೈಯಲ್ಲಿ ರಾಡು ಹಿಡಿದು ಅಲುಗಿಸಿ ಅಲುಗಿಸಿ ಕಿತ್ತಳು. ಮಣ್ಣು ಕೊಡವಿ ಹೆಗಲಿಗಿಟ್ಟಳು. ರಾಕೇಶ ಅವಳ ಬಾಯಿಯನ್ನೇ ನೋಡುತ್ತಿದ್ದ. ರಕ್ತ ಬರಲಿಲ್ಲ. ಅವಳು ಎಲೆಯಡಿಕೆ ಉಗಿದಾಗ ಮಾತ್ರ ಒಮ್ಮೆ ಬೆಚ್ಚಿಬಿದ್ದ.

ಸುಲೈಮಾನ್ ಬರುವಷ್ಟರಲ್ಲಿ ಗಂಗಾಧರ್ ಖಾಲಿ ಜೀಪನ್ನು ಕಣಕ್ಕೆ ತಂದು ಜಾಕು ಏರಿಸಿದ್ದ. ನಟ್ಟುಗಳೆಲ್ಲ ತಮ್ಮ ತಮ್ಮ ತೂತಿನಲ್ಲೇ ಕಾಯುತ್ತಿದ್ದವು. ಸುಲೈಮಾನ್ ರಾಡನ್ನು ತಿರುಗಿಸಿ ನೋಡಿ, "ಇದೆಂತ ಅಕ್ಕ, ಕುಂಕುಮ? ಒರೆಸ್ಲಾ?" ಎಂದ.

"ಬೇಡ ಸಾಬ್ರೆ. ಹಂಗೇ ಹಾಕಿ." ವೆಂಕಮ್ಮ ದನಿ ಎತ್ತಿದಳು, ಜಗಲಿಯಲ್ಲಿದ್ದ ರಾಕೇಶನಿಗೆ ಕೇಳುವ ಹಾಗೆ. "ಅದು ಇನ್ನು ಜೀಪಿಂದಲ್ಲ. ಚೌಡಮ್ಮಂದು. ನಮಗೆ ಕಡ ಕೊಟ್ಟಿದಾಳೆ. ಮತ್ತೆ ಬಿಚ್ಚಿದವ್ರು ಅವ್ಳಿಗೇ ಉತ್ತರ ಹೇಳ್ಕೋಬೇಕು."

ಸುಲೈಮಾನ್ ಜೀಪಿನಡಿ ಹೋದ. ನಗುತ್ತಿದ್ದಾನೆಂದು ಅವನ ಕಾಲು ಅಲುಗುತ್ತಿದ್ದುದರಿಂದಲೇ ಗೊತ್ತಾಗುತ್ತಿತ್ತು.

ಸಂಜೆ ನಂದಿಮರದ ತಿರುವಲ್ಲಿ ಹನ್ನೆರಡು ಹೆಂಗಸರು ಸೀಟಿನ ಕಂಬಿ ಬಿಗಿಯಾಗಿ ಹಿಡಿದರು. ಜೀಪು ಒಂಚೂರು ಬಾಗಿ, ನೆಟ್ಟಗಾಗಿ, ಮುಂದೆ ಹೋಯಿತು. ದಿವ್ಯ ಮಾತ್ರ ಕೆಳಗೆ ಇಣುಕಿ ತನ್ನ ಡಬ್ಬಿ ಹುಡುಕಿದಳು.

ಮುಂದಿನ ಸ್ಪರ್ಧೆಯಲ್ಲಿ ನಾಲ್ಕು ಗಾಡಿ ಇದ್ದವಂತೆ. ರಾಕೇಶ ರಾಡು ಬಿಚ್ಚಲಿಲ್ಲ. ನಾಲ್ಕನೆಯವನಾದ. ಆ ಫೋಟೊ ಯಾರ ಮೊಬೈಲಿಗೂ ಬರಲಿಲ್ಲ.