ಸೆಟ್ಲ್‌ಮೆಂಟ್ ಅಂದರೆ

ಕಿಟಕಿಯ ಮೂಲೆಯಲ್ಲಿ ಹುಟ್ಟಿದ ಬಿರುಕು ಓರೆಯಾಗಿ ಇಳಿದು ಅಡುಗೆಮನೆಯ ಬಾಗಿಲ ತನಕ ಬಂದಾಗ ಅವಳಿಗೆ ಊಟ ಸೇರದಾಯಿತು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು. ಪ್ಲಾಸ್ಟರಿನ ಅಚ್ಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಗಂಡ ಹಡಗಿನ ಕೆಲಸದಲ್ಲಿದ್ದು ವರ್ಷಕ್ಕೊಮ್ಮೆ ಬರುತ್ತಿದ್ದ. ಮೊದಲ ಮಹಡಿಯ ಆ ಮನೆಯಲ್ಲಿ ಅವಳೊಂದಿಗಿದ್ದವರು ಅತ್ತೆ ಮತ್ತು ಏಳು ವರ್ಷದ ಮಗಳು.

ಆರು ಮನೆಗಳ ಆ ಕಟ್ಟಡಕ್ಕೆ ಸೆಕ್ರೆಟರಿಯಾಗಿದ್ದವರು ನೆಲಮಹಡಿಯ ಹಿರಿಯರು. ಆಫೀಸೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡಿ ನಿವೃತ್ತರಾದವರು. ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಅವರ ಕೈಗೇ ಹೋಗುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಡಿಕ್ಷನರಿ ಮಾವ. ಅವಳು ದುಂಬಾಲು ಬಿದ್ದು ಅವರಿಂದ ಎಂಜಿನಿಯರನ್ನು ಕರೆಸಿದಳು. ಆತ ಬಂದು ಅಳತೆ ಮಾಡಿಕೊಂಡು ಹೋಗಿ, ನಾಲ್ಕು ಪುಟದ ವರದಿ ಕಳಿಸಿದ.

ಮಾವ ಮೆಟ್ಟಿಲ ಬಳಿ ಎಲ್ಲರನ್ನೂ ಸೇರಿಸಿ ಕನ್ನಡಕ ಏರಿಸಿದರು. "ನೋಡಿ, ಡಿಫರೆನ್ಷಿಯಲ್ ಸೆಟ್ಲ್‌ಮೆಂಟ್ ಅಂತ ಬರೆದಿದ್ದಾರೆ. ಅಂದ್ರೆ ಏನೋ ಸ್ವಲ್ಪ ಡಿಫರೆನ್ಸ್ ಇತ್ತು, ಈಗ ಸೆಟ್ಲ್ ಆಗಿದೆ. ಮುಗೀತು!"

"ಮತ್ತೆ ಬಿರುಕು ಉದ್ದ ಆಗ್ತಾನೇ ಇದೆಯಲ್ಲ ಮಾವ?"

"ಹುಡುಗ ಕೆಲಸ ಹಿಡಿದು ಸೆಟ್ಲ್ ಆದ ಅಂತೀವಲ್ಲಮ್ಮ, ಆಮೇಲೆ ಅವನು ಅಲ್ಲಾಡ್ತಾನಾ?"

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

"ಓದಿದೋರೇ ಹೇಳಿದ್ಮೇಲೆ ನಿಂದೇನೇ ರಗಳೆ?" ಎಂದರು ಅತ್ತೆ.

ಮರುದಿನ ಅವಳು ಲ್ಯಾಬಿನಿಂದ ಒಂದು ಹಿಡಿ ಪ್ಲಾಸ್ಟರ್ ತಂದು, ಕಲಸಿ, ಬಿರುಕಿಗೆ ಅಡ್ಡಲಾಗಿ ಎರಡು ಬೆರಳಗಲದ ಪಟ್ಟಿ ಬಳಿದಳು. ಗೋಡೆ ಸುಮ್ಮನಿದ್ದರೆ ಪಟ್ಟಿಯೂ ಸುಮ್ಮನಿರುತ್ತದೆ ಎಂಬುದು ಅವಳ ಲೆಕ್ಕ. ಒಂದು ಗಂಟೆಯಲ್ಲಿ ಅದು ಕಲ್ಲಾಯಿತು. ಮಾರನೆಯ ದಿನ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಹೋಗಿ ನೋಡಿದಳು. ಏನೂ ಆಗಿರಲಿಲ್ಲ. ಅದರ ಮಾರನೆಯ ಬೆಳಗ್ಗೆ ಪಟ್ಟಿ ಎರಡು ತುಂಡಾಗಿತ್ತು. ನಡುವೆ ಉಗುರು ಹೋಗುವಷ್ಟು ಸಂದು.

ವರದಿಯಲ್ಲಿ ಎಂಜಿನಿಯರನ ನಂಬರು ಇದ್ದೇ ಇರುತ್ತದೆಂದು ಅವಳು ಕೆಳಗೆ ಓಡಿದಳು. ಮಾವ ವಾಕಿಂಗ್ ಹೋಗಿದ್ದರು. ಮೊಣಕಾಲು ನೋವಿನಿಂದ ಹೆಚ್ಚು ನಡೆಯಲಾಗದ ಅವರ ಹೆಂಡತಿ ಒಳಗಿನಿಂದ ಬಾಗಿಲು ಎಳೆಯುತ್ತಿದ್ದರು.

"ಅವರು ಹೋಗ್ತಾ ಎಳೆದು ಮುಚ್ಚಿದ್ದೇ ತಡ ಕಣಮ್ಮ, ಚೌಕಟ್ಟು ಕಚ್ಕೊಂಡಿದೆ, ಬರ್ತಾನೇ ಇಲ್ಲ!"

ಕಿಟಕಿಯ ಸರಳುಗಳ ನಡುವಿನಿಂದ ಆಕೆ ವರದಿ ಕೊಟ್ಟರು. ಅವಳು ಅಲ್ಲೇ ನಿಂತು ಫೋನ್ ಹಚ್ಚಿದಳು.

"ಸೆಟ್ಲ್ ಆಗಿದೆ, ಮುಗೀತು ಅಂದ್ರಾ? ಯಾರು ಹೇಳಿದ್ದು?" ಎಂಜಿನಿಯರನ ದನಿ ಏರಿತು. "ನಮ್ಮ ಕೆಲಸದಲ್ಲಿ ಸೆಟ್ಲ್‌ಮೆಂಟ್ ಅಂದ್ರೆ ಕಟ್ಟಡ ನೆಲಕ್ಕೆ ಇಳಿಯೋದು. ಎಲ್ಲಾ ಕಡೆ ಒಂದೇ ಸಮ ಇಳಿದ್ರೆ ಅಷ್ಟು ಭಯ ಇಲ್ಲ. ಡಿಫರೆನ್ಷಿಯಲ್ ಅಂದ್ರೆ ಒಂದು ಮೂಲೆ ಜಾಸ್ತಿ ಇಳೀತಿದೆ ಅಂತ. ಗೋಡೆ ಸೀಳುತ್ತೆ, ಬಾಗಿಲು ಕಚ್ಕೊಳ್ಳುತ್ತೆ. ಬಿರುಕು ಬೆಳೆದ್ರೆ ಕೂಡಲೇ ಮನೆ ಖಾಲಿ ಮಾಡಿ ಅಂತ ಮೂರನೇ ಪುಟದಲ್ಲಿ ಬರೆದಿದ್ದೀನಲ್ಲ!"

"ಪ್ಲಾಸ್ಟರ್ ಪಟ್ಟಿ ಹಾಕಿದ್ದೆ ಸಾರ್. ಎರಡೇ ದಿನಕ್ಕೆ ಒಡೀತು."

"ಎಲ್ಲರನ್ನೂ ಹೊರಗೆ ಕರ್ಕೊಂಡು ಬನ್ನಿ. ಈಗಲೇ. ನಾನು ಹೊರಟೆ."

ಅವಳು ಉಳಿದ ಮನೆಗಳ ಬಾಗಿಲು ಬಡಿದಳು. ಒಬ್ಬರು ಸ್ನಾನದಲ್ಲಿ, ಒಬ್ಬರ ಒಲೆ ಮೇಲೆ ಹಾಲು. ಅತ್ತೆ ಬೀರುವಿನ ಮುಂದೆ ನಿಂತು ಯಾವ ಸೀರೆ ತಗೊಳ್ಳಲಿ ಎಂದರು. "ಉಟ್ಟಿರೋದು ಸಾಕು ಬನ್ನಿ ಅತ್ತೆ!" ಎಂದು ಅವಳು ಜೀವಮಾನದಲ್ಲೇ ಮೊದಲ ಬಾರಿ ಅವರ ಮೇಲೆ ಕೂಗಿ, ಮಗಳನ್ನು ಕಂಕುಳಿಗೆ ಹಾಕಿಕೊಂಡು ಇಳಿದಳು. ಮೇಲಿನ ಮಹಡಿಯ ಟ್ಯಾಕ್ಸಿ ಡ್ರೈವರ್ ಗಾಡಿಯ ಜಾಕ್ ರಾಡು ತಂದು ನೆಲಮಹಡಿಯ ಮಾವನ ಮನೆ ಬಾಗಿಲಿನ ಸಂದಿಗೆ ತೂರಿಸಿ ಮೀಟತೊಡಗಿದ. ಅವಳು ಮಗಳನ್ನು ಅತ್ತೆಯ ಕೈಗಿತ್ತು ಭುಜ ಕೊಟ್ಟಳು. ಒಳಗೆ ಎಲ್ಲೋ ಟೈಲ್ಸ್ ಟಪ್ಪೆಂದು ಸಿಡಿದವು. ಮೂರನೆಯ ಸಲಕ್ಕೆ ಹಲಗೆ ಸೀಳಿಕೊಂಡು ಬಾಗಿಲು ಬಿಟ್ಟಿತು. ಇಬ್ಬರೂ ಮಾವನ ಹೆಂಡತಿಯನ್ನು ಎತ್ತಿಕೊಂಡೇ ರಸ್ತೆಗೆ ಬಂದರು.

ಹನ್ನೊಂದರ ಹೊತ್ತಿಗೆ ಅದೇ ಮನೆಯ ಬಚ್ಚಲು ಒಂದು ಮೊಳ ಕುಸಿಯಿತು. ನೆಲದಡಿಯ ನೀರಿನ ಪೈಪು ಒಡೆದು ಆ ಮೂಲೆಯ ಮಣ್ಣು ಕೊಚ್ಚಿಹೋಗುತ್ತಿತ್ತೆಂದು ಎಂಜಿನಿಯರ್ ಹೇಳಿದ.

ಮಾವ ಅಷ್ಟರಲ್ಲಿ ಬಂದು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕುಕ್ಕರಿಸಿದ್ದರು. ಅವಳು ಸಿಟ್ಟಿನಿಂದಲೇ ಹೋಗಿ ಮುಂದೆ ನಿಂತಳು.

"ಮೂರನೇ ಪುಟ ಓದಿರಲಿಲ್ವಾ ಮಾವ?"

"ಓದಿದ್ದೆನಮ್ಮ. ಎರಡು ಸಲ ಓದಿದೆ." ಅವರು ತಲೆ ಎತ್ತಲಿಲ್ಲ. "ಟೈಪ್ ಮಾಡೋನು ನಾನು. ಅಕ್ಷರ ಬರ್ತಿತ್ತು, ಅರ್ಥ ಪೂರ್ತಿ ಯಾವತ್ತೂ ಬರ್ತಿರಲಿಲ್ಲ. ನೀವೆಲ್ಲ ನನ್ನ ಮುಖ ನೋಡ್ಕೊಂಡು ನಿಂತಿದ್ರಿ. ಗೊತ್ತಾಗ್ಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವಳು ಅಂಗಡಿಯಿಂದ ನೀರು ತಂದು ಮೊದಲು ಅವರ ಹೆಂಡತಿಗೆ, ಆಮೇಲೆ ಅವರಿಗೆ ಕೊಟ್ಟಳು.

ಅಡಿಪಾಯ ಗಟ್ಟಿಮಾಡಲು ಐದು ತಿಂಗಳು ಹಿಡಿಯಿತು. ನಾಲ್ಕು ಮನೆಯವರು ಮರಳಿದರು. ಅವಳು ಮರಳಲಿಲ್ಲ, ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂದಂತಸ್ತಿನ ಪುಟ್ಟ ಮನೆ ಹಿಡಿದಳು. ಮಾವನೂ ಹೆಂಡತಿಯನ್ನು ಕರೆದುಕೊಂಡು ಅದೇ ಬೀದಿಗೆ ಬಂದರು.