ಅವ್ವನ ಅಳತೆಯ ಗಾಡಿ

“ಓಡ್ತಾ ಓಡ್ತಾ ನಿಂತುಬುಡೋ ಗಾಡೀನ ಜನ ಯಾಕಾದ್ರೂ ತಗೋತಾರೆ?”

ಷಡಕ್ಷರಿ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗಾಜಿನ ಕಪಾಟಿನಲ್ಲಿ ವಿಭೂತಿ ಗಟ್ಟಿಗಳು, ರುದ್ರಾಕ್ಷಿ ಸರಗಳು, ಮಡಿಸಿಟ್ಟ ಕಾವಿ ಬಟ್ಟೆ, ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಶಿವದಾರದ ಉಂಡೆಗಳು ಇದ್ದಲ್ಲೇ ಇದ್ದವು. ಚಾಮರಾಜಪುರಂನ ಆ ರಸ್ತೆಯಲ್ಲಿ ಆಗಷ್ಟೇ ಒಂದು ಕಾರು ಹಾದುಹೋಗಿತ್ತು. ಉದ್ದ ಸಾಧಾರಣ ಕಾರಿನಷ್ಟೇ. ಎತ್ತರದಲ್ಲಿ ಮಾತ್ರ ಜೀಪಿನ ತಮ್ಮನ ಹಾಗೆ. ಹೋದ ವರ್ಷವಷ್ಟೇ ಮಾರುಕಟ್ಟೆಗೆ ಬಂದ ಮಾಡೆಲ್ಲು. ಅದು ತಿರುವಿನಲ್ಲಿ ಮರೆಯಾದ ಮೇಲೂ ಅದರ ಸದ್ದು ಪೂರ್ತಿ ಅಳಿಯುವವರೆಗೆ ಷಡಕ್ಷರಿ ಕಿವಿಗೊಟ್ಟು ನಿಂತಿದ್ದ.

“ಮತ್ತೆ ಅದೇ ಗಾಡಿ ಧ್ಯಾನವೇನ್ರೀ?” ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿ ಪ್ರೇಮಲೀಲಾಳ ದನಿ ಬಂತು. “ಮೊದ್ಲು ಕಾಫಿ ಕುಡೀರಿ. ಅದೂ ನಿಂತು ನಿಂತು ಆರೋಗ್ತಿದೆ.”

ಹಿಂದಿನ ವರ್ಷ ಷಡಕ್ಷರಿಯ ತಾಯಿ ದೇವಿರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಕೋಲು ಹಿಡಿದು ನಡೆಯುವಂತೆಯೂ ಆದರು. ಆದರೆ ತಗ್ಗಿನ ಸೀಟಿನಲ್ಲಿ ಕೂರುವ ಹಾಗಿಲ್ಲ, ಕೀಲು ಹೆಚ್ಚು ಮಡಿಸುವ ಹಾಗಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಆಟೋದ ಕುಲುಕಾಟ ಕೂಡದು. ಬಸ್ಸಿನ ಮೆಟ್ಟಿಲ ಮಾತೇ ಇಲ್ಲ. ಮನೆಯಲ್ಲಿದ್ದ ಹಳೆಯ ಕಾರಿಗೆ ಹತ್ತುವುದೆಂದರೆ ಬಾವಿಗೆ ಇಳಿದಂತೆ. ದೊಡ್ಡ ಜೀಪುಗಳಿಗೆ ಅವರ ಕಾಲು ಏಳುತ್ತಿರಲಿಲ್ಲ.

ನಂಜನಗೂಡಿನ ಆಚೆಗಿನ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ಓದಿಸುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಓದುತ್ತಿದ್ದವರು ಷಡಕ್ಷರಿಯ ತಂದೆಯೇ. ಅವರು ತೀರಿಕೊಂಡ ಮೇಲೂ ದೇವಿರಮ್ಮ ಶ್ರಾವಣ ತಪ್ಪಿಸಿದವರಲ್ಲ. ಬೇರೆ ದನಿಯಲ್ಲಿ ಅದೇ ಪದ್ಯಗಳನ್ನು ಕೇಳಿ ಬರುತ್ತಿದ್ದರು. ಹೋದ ಶ್ರಾವಣದಲ್ಲಿ ಹೋಗಲಾಗಲಿಲ್ಲ. ಅದಕ್ಕಾಗಿ ಒಂದು ಮಾತೂ ಆಡಲಿಲ್ಲ. ಮಠದಲ್ಲಿ ಪುರಾಣಕ್ಕೆ ಗಂಟೆ ಬಾರಿಸುವ ಹೊತ್ತಿಗೆ ಮಾತ್ರ ಮನೆಯ ಟಿ.ವಿ. ಆರಿಸಿ, ಸೆರಗು ಹೊದ್ದು, ಖಾಲಿ ಗೋಡೆಗೆ ಮುಖಮಾಡಿ ಕೂತಿರುತ್ತಿದ್ದರು. ಅಂಗಡಿಯಲ್ಲಿದ್ದ ಷಡಕ್ಷರಿಗೆ ಆ ಟಿ.ವಿ. ನಿಂತದ್ದು ಕೇಳಿಸುತ್ತಿತ್ತು. ತಂದೆಯ ಓದಿನ ಎದುರು ಕೂತು ಬೆಳೆದವನಾದ್ದರಿಂದ ಅವನಿಗೆ ಆಡುವುದಕ್ಕಿಂತ ಕೇಳುವುದೇ ಹೆಚ್ಚು ರೂಢಿ. ಈಗ ಮತ್ತೊಂದು ಶ್ರಾವಣ ಹತ್ತಿರವಾಗಿತ್ತು.

ಒಂದು ಬೆಳಿಗ್ಗೆ ಅವನು ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ತಾಯಿಯನ್ನು ಕೂರಿಸಿದ. ಒಂದು ಮಣೆ ಸೇರಿಸಿದ, ಒಂದು ತೆಗೆದ. ಕೊನೆಗೆ ಯಾರ ಕೈಯನ್ನೂ ಹಿಡಿಯದೆ ಅವರು ಕೂತು ಎದ್ದ ಎತ್ತರಕ್ಕೆ ಒಂದು ಶಿವದಾರ ಹಿಡಿದು ಗಂಟು ಹಾಕಿಕೊಂಡ.

“ನನ್ನೇನು ಸಂತೇಲಿ ಮಾರ್ತೀಯೇನಪ್ಪ, ಅಳತೆ ತಗೊಂಡು?” ಎಂದರು ದೇವಿರಮ್ಮ.

“ಇಲ್ಲ ಅವ್ವ. ನಿನ್ನ ಅಳತೆಗೆ ಯಾವ ಗಾಡಿ ಬರ್ತದೆ ನೋಡ್ತೀನಿ.”

ಅಂದಿನಿಂದ ಆ ದಾರ ಅವನ ಜೇಬಿನಲ್ಲೇ ಇರುತ್ತಿತ್ತು. ಕಂಡಕಂಡ ಕಾರಿನ ಬಾಗಿಲು ತೆಗೆಸಿ ಅಳೆದ. ಕೆಲವು ಗಂಟಿಗಿಂತ ತಗ್ಗು, ಕೆಲವು ಎತ್ತರ. ಷೋರೂಮಿನಲ್ಲಿ ಆ ಹೊಸ ಗಾಡಿಗೆ ದಾರ ಹಿಡಿದಾಗ ಗಂಟು ಸೀಟಿನ ಅಂಚಿಗೆ ಅಳೆದು ಹೊಲಿದ ಹಾಗೆ ಕೂತಿತು.

“ಕಾಂಪ್ಯಾಕ್ಟ್ ಎಸ್‌ಯುವಿ ಸರ್. ಇಡೀ ಮೈಸೂರಲ್ಲಿ ಈಗ ಇದೇ ಮಾತು,” ಎಂದಳು ಗಾಡಿ ತೋರಿಸಲು ಬಂದ ನಿಶ್ಚಿತಾ. ಅವಳೇ ಒಂದು ಸುತ್ತು ಓಡಿಸಿದಳು. ಪಕ್ಕದಲ್ಲಿ ಷಡಕ್ಷರಿ ಕಣ್ಣು ಮುಚ್ಚಿ ಕೂತಿದ್ದ.

“ನಿದ್ದೆ ಬಂತಾ ಸರ್?”

“ಇಲ್ಲಮ್ಮ, ಕೇಳ್ತಾ ಇದೀನಿ. ಇದು ದಾರೀಲಿ ನಿಂತುಬುಡುತ್ತೆ ಅಂತಾರಲ್ಲ, ಹೌದಾ?”

“ಅದು ಹೋದ ವರ್ಷದ ಗಾಡಿಗಳಲ್ಲಿ ಸರ್. ಒಂದು ಸೆನ್ಸರ್ ಬಿಸಿಯಾದ್ರೆ ಇಂಜಿನ್ ಆಫ್ ಆಗ್ತಿತ್ತು. ಈಗ ಅದನ್ನ ಬದಲಾಯಿಸಿದಾರೆ.”

“ಹಾಗಾದ್ರೆ ಈಗ ನಿಲ್ಲಲ್ಲ?”

ನಿಶ್ಚಿತಾ ಉಸಿರೆಳೆದುಕೊಂಡು ಹೇಳಿದಳು: “ಈಗ ಕಂಪ್ಲೇಂಟ್ ಕಮ್ಮಿ ಸರ್.”

ಮಾತಿಗಿಂತ ಮುಂಚೆ ಬಂದ ಆ ಉಸಿರನ್ನು ಷಡಕ್ಷರಿ ಮನೆಯವರೆಗೂ ಹೊತ್ತುಕೊಂಡು ಬಂದ.

ಪ್ರೇಮಲೀಲಾಗೆ ಅಷ್ಟೇ ಸಾಕಾಯಿತು. “ಕಮ್ಮಿ ಅಂದ್ರೆ ಇದೆ ಅಂತ ತಾನೇ? ಅತ್ತೆ ಸಾಯಂಕಾಲ ಲಿಂಗಪೂಜೆ ಮಾಡದೆ ಒಂದು ತೊಟ್ಟು ನೀರು ಮುಟ್ಟಲ್ಲ. ಮೇಲೆ ಸಕ್ಕರೆ ಕಾಯಿಲೆ. ಸ್ಕ್ಯಾನಿಂಗಿಗೆ ಕಾಯಿಸಿದ ದಿನ ಏನಾಯ್ತು ಮರೆತ್ರಾ? ಹೊತ್ತು ಮೀರಿತು, ಕಣ್ಣು ಮೇಲೆ ಮಾಡಿಬುಟ್ರು. ಅದು ಆಸ್ಪತ್ರೆ, ಹೆಂಗೋ ಆಯ್ತು. ನಡುದಾರೀಲಿ ಹಂಗಾದ್ರೆ?”

ಷಡಕ್ಷರಿಯಲ್ಲೂ ಇದ್ದದ್ದು ಅದೇ ಭಯ. ಆದರೆ ಭಯದ ಪಕ್ಕದಲ್ಲೇ ಒಂದು ಕುತೂಹಲವೂ ಬಂದು ಕೂತಿತ್ತು. ಆ ಗಾಡಿ ಹೇಗೆ ನಿಲ್ಲುತ್ತದೆ? ನಿಲ್ಲುವ ಮುಂಚೆ ಏನಾದರೂ ಹೇಳುತ್ತದೆಯೇ? ನಿಂತದ್ದು ಮತ್ತೆ ಹೊರಡುವುದು ಯಾವಾಗ? ಇದನ್ನೆಲ್ಲ ಷೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ, ಅದರ ಜೊತೆ ಬಾಳುವೆ ಮಾಡಿದವರನ್ನೇ ಕೇಳಬೇಕು ಎನ್ನಿಸಿತು.

ದಟ್ಟಗಳ್ಳಿಯ ಹೊಸ ಬಡಾವಣೆಯಲ್ಲಿ ಗೃಹಪ್ರವೇಶವೊಂದಕ್ಕೆ ಪೂಜೆ ಸಾಮಾನು ಕೊಟ್ಟು ಬರುವಾಗ, ಒಂದು ಮನೆಯ ಮುಂದೆ ಅದೇ ಗಾಡಿ ನಿಂತಿತ್ತು. ಹೋದ ವರ್ಷದ್ದು, ಬಾಗಿಲು ತೆರೆದೇ ಇತ್ತು. ಷಡಕ್ಷರಿಗೆ ತಡೆಯಲಾಗಲಿಲ್ಲ. ಬಗ್ಗಿ ನೆಲದಿಂದ ಸೀಟಿಗೆ ದಾರ ಹಿಡಿದ.

“ಯಾರ್ರೀ ಅದು? ನನ್ ಗಾಡಿಗೆ ಮಾಟ ಮಾಡ್ತಾ ಇದೀರಾ?”

ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಪ್ಪ ಮೀಸೆಯವನೊಬ್ಬ ಗೇಟಿನಲ್ಲಿ ನಿಂತಿದ್ದ. ಷಡಕ್ಷರಿ ತಿರುಗಿದ. ಹಣೆ ತುಂಬ ವಿಭೂತಿ, ಕೈಯಲ್ಲಿ ಗಂಟು ಹಾಕಿದ ಬಿಳಿ ದಾರ. ನೋಡಿದವರಿಗೆ ಅನುಮಾನ ಕಳೆಯುವಂತಿರಲಿಲ್ಲ.

“ಮಾಟ ಅಲ್ಲ ಸ್ವಾಮಿ, ಅಳತೆ.”

“ಅಳತೇನಾ? ಯಾಕೆ, ಅಂಗಿ ಒಲಿಸ್ಕೊಡ್ತೀರಾ ಇದಕ್ಕೆ?”

“ನಮ್ಮ ತಾಯಿ ಅಳತೆ,” ಎಂದು ಷಡಕ್ಷರಿ ವಿಷಯ ಹೇಳಿದ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದು ಅಪರೂಪ.

ಆ ಮನುಷ್ಯ ಚೆಲುವರಾಜು, ಹಳ್ಳಿಹಳ್ಳಿ ತಿರುಗುವ ವಿಮಾ ಏಜೆಂಟು. ಕೇಳಿ ಮುಗಿಸಿದವನೇ ಎರಡೂ ಕೈ ಜೋಡಿಸಿದ. “ತಗೋಬ್ಯಾಡಿ. ನಿಮ್ ಕಾಲಿಗೆ ಬೀಳ್ತೀನಿ, ತಗೋಬ್ಯಾಡಿ. ಇದು ಗಾಡಿಯಲ್ಲ ಸ್ವಾಮಿ, ಪೂರ್ವಜನ್ಮದ ಸಾಲ. ಉಲ್ಲಹಳ್ಳಿ ರಸ್ತೇಲಿ ನಿಂತೋಯ್ತು. ನಂಜನಗೂಡು ಸೇತುವೆ ಮೇಲೆ ನಿಂತೋಯ್ತು, ಹಿಂದ್ಗಡೆ ಲಾರಿಯೋರು ನಮ್ ವಂಶನೆಲ್ಲ ಎತ್ತಿ ಆಡುದ್ರು. ಷಡ್ಡಕನ ಮಗಳ ಮದ್ವೆಗೆ ಹೋದ್ರೆ, ಧಾರೆ ಮುಗಿದು ಊಟದ ಎಲೆ ಎತ್ತೋ ಹೊತ್ತಿಗೆ ತಲುಪಿಸ್ತು. ಎಂಡ್ತಿ ಇವತ್ತಿಗೂ ಮುಖ ಕೊಟ್ಟು ಮಾತಾಡಲ್ಲ.”

ಹೇಳುತ್ತಾ ಹೇಳುತ್ತಾ ಅವನು ಟವೆಲಿನಿಂದ ಗಾಡಿಯ ಕನ್ನಡಿ ಒರೆಸಿದ. ಆಮೇಲೆ ಬಾಗಿಲ ಹಿಡಿ. ಆಮೇಲೆ ಅಂಟಿಕೊಂಡಿದ್ದ ಒಂದು ಹಕ್ಕಿ ಹಿಕ್ಕೆಯನ್ನು ಉಗುರಿನಿಂದ ಕೆರೆದು, ಅಲ್ಲಿಗೆ ಬಾಯಿಯ ಹಬೆ ಬಿಟ್ಟು ಉಜ್ಜಿದ. ಷಡಕ್ಷರಿ ನೋಡುತ್ತಿದ್ದ.

“ನಿಂತದ್ದು ಮತ್ತೆ ಹೊರಡ್ತಿತ್ತಾ?”

“ಒರಡದೆ ಎಲ್ಲೋಯ್ತದೆ? ಬಿಸಿ ಇಳೀಬೇಕು ಅಷ್ಟೇಯ. ಒಂದು ಕಾಫಿ ಕುಡಿಯೋ ಹೊತ್ತು. ಕಾಫಿ ಸಿಕ್ಕದ ಕಡೆ ನಿಂತ್ರೆ ಎರಡು ಕಾಫಿ ಹೊತ್ತು.” ಚೆಲುವರಾಜು ಒಂದು ಗಳಿಗೆ ಯೋಚಿಸಿದ. “ಭಾನುವಾರ ನಾನೇ ತರ್ತೀನಿ. ನಿಮ್ಮವ್ವನ್ನ ಕೂರಿಸಿ ನೋಡಿ. ಅದಾದ್ರೂ ಗೊತ್ತಾಗ್ಲಿ. ಆಮೇಲೆ ತಗೋಬ್ಯಾಡಿ.”

ಭಾನುವಾರ ಮಧ್ಯಾಹ್ನ ಗಾಡಿ ಬಂತು. ದೇವಿರಮ್ಮ ಕೋಲನ್ನು ಸೊಸೆಯ ಕೈಗಿತ್ತು, ಮುಂದಿನ ಸೀಟಿಗೆ ಬೆನ್ನು ಮಾಡಿ ಹಾಗೇ ಕೂತರು. ಬಗ್ಗಲಿಲ್ಲ, ಏರಲಿಲ್ಲ. ಕಾಲುಗಳನ್ನು ಒಳಗೆ ತಿರುಗಿಸಿಕೊಂಡು ಸೆರಗು ಸರಿಮಾಡಿಕೊಂಡರು.

“ಜಗಲಿ ಮೇಲೆ ಕೂತಂಗದೆ ಕಣಪ್ಪ,” ಎಂದರು.

ಹಿಂದೆ ಗಂಡ ಹೆಂಡತಿ ಕೂತರು. ಪ್ರೇಮಲೀಲಾಳ ಮಡಿಲಲ್ಲಿ ನೀರಿನ ಬಾಟಲಿ, ರೊಟ್ಟಿಯ ಡಬ್ಬಿ. ರಾಮಕೃಷ್ಣನಗರ ದಾಟಿದರು, ದಟ್ಟಗಳ್ಳಿ ದಾಟಿ ರಿಂಗ್ ರಸ್ತೆಗೆ ಬಂದರು. ಇಲ್ಲಿಂದ ತಿರುಗಿಸಲಾ ಎಂದು ಚೆಲುವರಾಜು ಕೇಳಿದಾಗಲೆಲ್ಲ ದೇವಿರಮ್ಮ, “ಇನ್ನೊಂಚೂರು ಹೋಗಪ್ಪ,” ಎನ್ನುತ್ತಿದ್ದರು. ಒಂದು ವರ್ಷದಿಂದ ಆಸ್ಪತ್ರೆಯ ದಾರಿ ಬಿಟ್ಟು ಬೇರೆ ದಾರಿ ಕಂಡವರಲ್ಲ. ಹೊಸ ಸೈಟುಗಳ ಕಲ್ಲುಗಳನ್ನು, ಅರ್ಧಕ್ಕೆ ನಿಂತ ಮನೆಗಳನ್ನು, ದೂರದ ಬೆಟ್ಟವನ್ನು ಒಂದೂ ಬಿಡದೆ ನೋಡಿದರು. ಅದು ಯಾರ ಮನೆ, ಇದು ಯಾವ ಊರಿನ ಹೊಲವಾಗಿತ್ತು ಎಂದು ಕೇಳಿದರು. ಹೊತ್ತು ಇಳಿಯಿತು.

ಷಡಕ್ಷರಿ ಕಣ್ಣು ಮುಚ್ಚಿದ್ದ. ಇಂಜಿನ್ನಿನ ಸದ್ದು ತಂದೆ ಷಟ್ಪದಿ ಓದಿದ ಹಾಗೆ ಸಾಲು ಸಾಲಾಗಿ ಹೋಗುತ್ತಿತ್ತು. ತಿರುಗಿ ಬರುವಾಗ, ಒಂದು ಕಡೆ, ಸಾಲಿನಲ್ಲಿ ಒಂದಕ್ಷರ ಜಾರಿದಂತಾಯಿತು. ಅವನು ಕಣ್ಣು ಬಿಟ್ಟ. ಮರುಗಳಿಗೆಯಲ್ಲೇ ಸದ್ದು ನಿಂತಿತು. ಚೆಲುವರಾಜು ಗಾಡಿಯನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತೇಲಿಸಿ ತಂದ.

“ನೋಡುದ್ರಾ! ನಾ ಏಳಿರ್ಲಿಲ್ವಾ?” ಎಂದ. ದನಿಯಲ್ಲಿ ಬೇಸರವಿತ್ತೋ ಹೆಮ್ಮೆಯೋ ಹೇಳುವುದು ಕಷ್ಟ.

ಮೂವರೂ ಕೆಳಗಿಳಿದರು. ಬಯಲು ಖಾಲಿ. ಸೂರ್ಯ ಬೇಲಿಯ ಮಟ್ಟಕ್ಕೆ ಬಂದಿದ್ದ.

“ರೀ, ದೀಪ ಹಚ್ಚೋ ಹೊತ್ತು,” ಎಂದು ಪ್ರೇಮಲೀಲಾ ಪಿಸುಗುಟ್ಟಿದಳು. “ಮಧ್ಯಾಹ್ನದ್ದೇ ಊಟ. ಏನಾದ್ರೂ ಮಾಡಿ.” ಷಡಕ್ಷರಿ ರಸ್ತೆಯ ಎರಡೂ ಕಡೆ ನೋಡಿದ. ಆಟೋ ಬಂದರೂ ತಾಯಿಯನ್ನು ಅದರಲ್ಲಿ ಕೂರಿಸುವಂತಿಲ್ಲ.

ದೇವಿರಮ್ಮ ಒಳಗಿನಿಂದಲೇ ಕೇಳಿದರು: “ಏನದು ಗುಸುಗುಸು?”

“ಏನಿಲ್ಲ ಅವ್ವ. ನಿನ್ನ ಪೂಜೆ ಹೊತ್ತು ಮೀರುತ್ತಲ್ಲ ಅಂತ...”

“ಯಾಕೆ ಮೀರ್ತದೆ?” ಅವರು ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡರು. “ಇಲ್ಲೇ ಅದೆಯಲ್ಲ.”

ಪ್ರೇಮಲೀಲಾ ಕಿಟಕಿಯ ಹತ್ತಿರ ಬಂದಳು. “ಮತ್ತೆ ಅವತ್ತು ಆಸ್ಪತ್ರೇಲಿ ಯಾಕೆ ಮಾಡ್ಲಿಲ್ಲ ಅತ್ತೆ? ನಾವು ಅಷ್ಟು ಹೇಳಿದ್ರೂ?”

“ಅಲ್ಲಿ ಬಾಗಿಲಿತ್ತೇನವ್ವ? ಬಂದೋರು ಹೋದೋರೆಲ್ಲ ಕಣ್ಣು ಬಿಟ್ಕೊಂಡು ನೋಡೋರು. ಅವರ ಮುಂದೆ ಲಿಂಗ ತೆಗೀಲಾ? ಇದು ಕೋಣೆ ಇದ್ದಂಗದೆ. ನೀರು ಕೊಡು. ಷಡಕ್ಷರಿ, ನಿನ್ ಜೇಬಲ್ಲಿ ವಿಭೂತಿ ಇರ್ಬೇಕಲ್ಲ, ಕೊಡಪ್ಪ. ಪತ್ರೆ ನನ್ ಹತ್ರ ಒಣಗಿದ್ದದೆ. ಎಲ್ಲಾ ಬಾಗಿಲೂ ಹಾಕ್ಬುಟ್ಟು ಅತ್ಲಾಗಿ ತಿರುಗಿ ನಿಂತ್ಕಳಿ.”

ಅವರು ಬಾಗಿಲು ಹಾಕಿದರು. ಗಾಡಿಗೆ ಬೆನ್ನು ಮಾಡಿ ನಿಂತರು. ಷಡಕ್ಷರಿ ಜೇಬಿನೊಳಗೆ ದಾರದ ಗಂಟನ್ನು ಹಿಡಿದುಕೊಂಡಿದ್ದ. ದಿನ ಬೆಳಗಾದರೆ ಶಿವದಾರ ಮಾರುವ ಅಂಗಡಿ ತನ್ನದು; ಅದು ಕೊರಳಲ್ಲಿ ಯಾಕಿರುತ್ತದೆಂದು ಯೋಚಿಸಿದ್ದೇ ಇಲ್ಲವಲ್ಲ ಎನ್ನಿಸಿ ಅವನಿಗೆ ನಾಚಿಕೆಯಾಯಿತು, ನಗೆಯೂ ಬಂತು.

“ಈಗ ಕೀ ತಿರುಗಿಸಿ ನೋಡ್ಲಾ?” ಚೆಲುವರಾಜು ಅವನ ಕಿವಿಯಲ್ಲಿ ಕೇಳಿದ.

“ಬೇಡ, ಇರಿ.”

ಚೆಲುವರಾಜು ಚಪ್ಪಲಿ ಬಿಟ್ಟು, ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, ಬೆಟ್ಟದ ಕಡೆ ನೋಡುತ್ತಾ ಕೈಕಟ್ಟಿ ನಿಂತ. ಒಂಚೂರು ಇಳಿಸಿದ ಗಾಜಿನ ಸಂದಿಯಿಂದ ದೇವಿರಮ್ಮನ ದನಿ ಬರುತ್ತಿತ್ತು. ಮಂತ್ರ ಮುಗಿದು ಪದ್ಯ ಶುರುವಾಯಿತು. ಷಡಕ್ಷರಿಯ ತಂದೆ ಶ್ರಾವಣದ ಮೊದಲ ದಿನ ಓದುತ್ತಿದ್ದ ಪದ್ಯ. ಅವರು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಅವ್ವನೂ ಉಸಿರು ತೆಗೆದುಕೊಂಡರು.

ಆಮೇಲೆ ಗಾಜಿನ ಮೇಲೆ ಬೆರಳು ಬಡಿದ ಸದ್ದು. “ಆಯ್ತು ಬನ್ನಿ. ಲೀಲಾ, ಒಂದು ರೊಟ್ಟಿ ಕೊಡವ್ವ.”

ಚೆಲುವರಾಜು ಕೀ ತಿರುಗಿಸಿದ. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು.

ಚಾಮರಾಜಪುರಂ ಮುಟ್ಟುವವರೆಗೂ ಅವನು ಅದನ್ನು ಬೈಯುತ್ತಲೇ ಬಂದ. ಬೇರೆಯವರ ಗಾಡಿಗಳು ಮನುಷ್ಯರ ಹಾಗೆ ಇರ್ತವೆ, ತನ್ನದು ಮುನಿಸಿಕೊಂಡ ಅಳಿಯನ ಹಾಗೆ, ಎಲ್ಲಿ ಯಾವಾಗ ಕೂತುಬಿಡುತ್ತೋ ಗೊತ್ತಿಲ್ಲ ಎಂದ. ಇದನ್ನು ಕೊಂಡ ಗಳಿಗೆಯೇ ಸರಿಯಿರಲಿಲ್ಲ ಎಂದ. ಪ್ರೇಮಲೀಲಾ ಈಗ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಚೆಲುವರಾಜು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿದು, ದೇವಿರಮ್ಮನ ಕಡೆಯ ಬಾಗಿಲು ತೆಗೆದ. ದೇವಿರಮ್ಮ ಇಳಿಯಲಿಲ್ಲ. ಅವನ ಮುಖವನ್ನು ಬಲು ಆಸೆಯಿಂದ ನೋಡಿದರು.

“ಪಾಪ, ಇಷ್ಟು ಕಾಟ ತಿನ್ಕೊಂಡು ಎಷ್ಟು ದಿನ ಏಗ್ತೀಯ ಮಗ? ಇದನ್ನ ನಮಗೇ ಕೊಟ್ಬುಡು. ನಿನಗೂ ಪೀಡೆ ಕಳೀತದೆ. ನನಗೂ ಶ್ರಾವಣಕ್ಕಾಯ್ತದೆ.”

ಚೆಲುವರಾಜು ಷಡಕ್ಷರಿಯನ್ನು ನೋಡಿದ, ಗಾಡಿಯನ್ನು ನೋಡಿದ. ಅವನ ಕೈ ಇನ್ನೂ ಬೆಚ್ಚಗಿದ್ದ ಬಾನೆಟ್ಟಿನ ಮೇಲೆ, ಹಸುವಿನ ಬೆನ್ನು ಸವರುವ ಹಾಗೆ, ಒಂದು ಸಲ ಆಡಿ ಅಲ್ಲೇ ನಿಂತಿತು.

“ಇಲ್ಲ ಕಣವ್ವ,” ಎಂದ. “ಇನ್ನೇನಾರ ಕೇಳಿ, ತಂದ್ಕೊಡ್ತೀನಿ. ಇದನ್ನ ಮಾತ್ರ ಕೊಡಕ್ಕಿಲ್ಲ.”